'ನಿನ್ನ ವೀಸಾ ಕ್ಯಾನ್ಸಲ್ ಮಾಡಿಸ್ತೀನಿ' ಅಂದವನ ಕೈಲಿ ನಿಜಕ್ಕೂ ಏನಿದೆ?

"ಒಂದು ಫೋನ್ ಮಾಡಿದ್ರೆ ಸಾಕು, ನಾಳೆನೇ ನಿನ್ನನ್ನ ಫ್ಲೈಟ್ ಹತ್ತಿಸ್ತಾರೆ."

ಅಮೆರಿಕದಲ್ಲಿ ಹೆಂಡತಿಯನ್ನು ಹೊಡೆಯುವ, ಕೂಡಿಹಾಕುವ ಗಂಡಸರಲ್ಲಿ ಈ ಮಾತು ಆಡದವರು ಕಡಿಮೆ. ಮನೆಗೆಲಸದವರ ಪಾಸ್‌ಪೋರ್ಟ್ ಬೀರುವಿನಲ್ಲಿಟ್ಟು ಬೀಗ ಹಾಕುವ ಯಜಮಾನರೂ ಇದನ್ನೇ ಹೇಳುತ್ತಾರೆ. ಅದರಲ್ಲಿ ಎಷ್ಟು ನಿಜ, ಎಷ್ಟು ಬೊಗಳೆ ಎಂಬುದು ಹೆಚ್ಚಾಗಿ ಒಂದೇ ವಿಷಯದ ಮೇಲೆ ನಿಂತಿದೆ: ಬೆದರಿಸುವವನ ಕೈಲಿರುವ ಕಾಗದ ಯಾವುದು? ಸಿಟಿಜನ್ನೋ, ಗ್ರೀನ್ ಕಾರ್ಡೋ, ಎಚ್‌-1ಬಿ ಎಂಬ ಕೆಲಸದ ವೀಸಾವೋ? ಸಹಾಯ ಕೇಳಿ ಬಂದವರಿಗೆ ವಕೀಲರು ಇದನ್ನೇ ಮೊದಲು ಕೇಳುತ್ತಾರೆ. ಉತ್ತರ ಬದಲಾದರೆ ದಾರಿಯೂ ಬದಲಾಗುತ್ತದೆ. ಒಬ್ಬಳ ಕೇಸಿಗೆ ಆದದ್ದು ಇನ್ನೊಬ್ಬಳಿಗೆ ಆಗದಿರಲು ಕಾರಣವೂ ಇದೇ. ಕನ್ನಡ ಕೂಟದ ಪಿಕ್ನಿಕ್ಕಿನಲ್ಲಿ ಸಿಕ್ಕ ಸಲಹೆ ಬಹಳ ಸಲ ಕೈಕೊಡುವುದು ಇಲ್ಲೇ.

ಇಲ್ಲಿ 'ಆಕೆ' ಎಂದು ಬರೆಯುತ್ತಿದ್ದೇನೆ. ಆದರೆ ಮುಂದೆ ಹೇಳುವ ಅಮೆರಿಕದ ಪ್ರತಿಯೊಂದು ರಕ್ಷಣೆಯೂ ಗಂಡಸರಿಗೂ ಇದೆ. ಕಾನೂನಿನ ಹೆಸರಿನಲ್ಲಿ ಮಹಿಳೆ ಎಂದಿದ್ದರೂ ಅರ್ಜಿ ಹಾಕಲು ಹೆಣ್ಣೇ ಆಗಿರಬೇಕಿಲ್ಲ.

ಗಂಡ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವವನಾದರೆ

ಮಹಿಳೆಯರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಅಮೆರಿಕದಲ್ಲಿ ಬಂದದ್ದು 1994ರಲ್ಲಿ. ವಕೀಲರ ಬಾಯಲ್ಲಿ ಅದು 'ವಾವಾ'. ಸಾಮಾನ್ಯವಾಗಿ ಗ್ರೀನ್ ಕಾರ್ಡಿಗೆ ಗಂಡನೇ ಅರ್ಜಿ ಹಾಕಬೇಕು, ಅಂದರೆ ಜುಟ್ಟು ಅವನ ಕೈಲಿರುತ್ತದೆ. ವಾವಾ ಆ ಹಿಡಿತವನ್ನೇ ತಪ್ಪಿಸಿತು. ಐ-360 ಎಂಬ ಫಾರಂ ತುಂಬಿ ಆಕೆ ತನ್ನ ಅರ್ಜಿಯನ್ನು ತಾನೇ ಹಾಕಿಕೊಳ್ಳಬಹುದು. ಗಂಡನ ಸಹಿ ಬೇಡ, ಅವನಿಗೆ ಸುದ್ದಿಯೂ ಹೋಗುವುದಿಲ್ಲ, ಈ ಅರ್ಜಿಗೆ ಸರ್ಕಾರಿ ಶುಲ್ಕವೂ ಇಲ್ಲ. ಪೊಲೀಸ್ ಕಂಪ್ಲೇಂಟ್ ಆಗಿರಲೇಬೇಕು ಎಂಬ ನಿಯಮವೂ ಇಲ್ಲ.

ತೋರಿಸಬೇಕಾದ್ದು ಐದು ಸಂಗತಿ: ಗಂಡನ ಪೌರತ್ವ ಅಥವಾ ಗ್ರೀನ್ ಕಾರ್ಡ್, ಕಾನೂನುಬದ್ಧ ಮದುವೆ, ಅದು ಕಾಗದಕ್ಕಾಗಿ ಆದದ್ದಲ್ಲ ನಿಜವಾದ ಸಂಸಾರ ಎಂಬುದು, ಇಬ್ಬರೂ ಒಂದೇ ಮನೆಯಲ್ಲಿ ಇದ್ದದ್ದು, ಹೊಡೆತ ಅಥವಾ ತೀವ್ರ ಕ್ರೌರ್ಯ. ಇವುಗಳ ಜೊತೆಗೆ ಸನ್ನಡತೆ. ಅದಕ್ಕೆ ಸಾಮಾನ್ಯವಾಗಿ ಕಳೆದ ಮೂರು ವರ್ಷ ವಾಸವಿದ್ದ ಊರುಗಳ ಪೊಲೀಸ್ ಕ್ಲಿಯರೆನ್ಸ್ ಸಾಕು. ಆ ಅವಧಿಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಭಾರತದಲ್ಲಿದ್ದರೆ ಅಲ್ಲಿಯದೂ ಬೇಕಾಗುತ್ತದೆ.

'ತೀವ್ರ ಕ್ರೌರ್ಯ' ಎಂದರೆ ಮೈಮೇಲೆ ಬಾಸುಂಡೆ ಇರಬೇಕೆಂದೇನಿಲ್ಲ. ಫೋನ್ ಕಿತ್ತುಕೊಳ್ಳುವುದು, ಬ್ಯಾಂಕ್ ಕಾರ್ಡ್ ಕೊಡದಿರುವುದು, ತವರಿನವರ ಜೊತೆ ಮಾತಾಡಲು ಬಿಡದಿರುವುದು, ಗಡೀಪಾರಿನ ಬೆದರಿಕೆ, ಬಲವಂತದ ಸಂಭೋಗ ಎಲ್ಲವೂ ಇದರಲ್ಲಿ ಸೇರುತ್ತವೆ. ನಮ್ಮ ಮನೆಗಳಲ್ಲಿ ಇದಕ್ಕೊಂದು ತೊಡಕಿದೆ. ಆರು ತಿಂಗಳಿಗೆಂದು ಬಂದ ಅತ್ತೆ ಕೊಟ್ಟ ಕಾಟ ಲೆಕ್ಕಕ್ಕೆ ಬರುತ್ತದೆಯೇ? ಬರೀ ಅತ್ತೆಯ ಕಾಟವಾದರೆ ಬರುವುದಿಲ್ಲ. ಗಂಡನೇ ಕುಮ್ಮಕ್ಕು ಕೊಟ್ಟಿದ್ದರೆ, ಎದುರಿಗೇ ಇದ್ದು ನಡೆಯಲು ಬಿಟ್ಟಿದ್ದರೆ ಬರುತ್ತದೆ. ಹಾಗಾಗಿ ಹೇಳಿಕೆಯಲ್ಲಿ ಅತ್ತೆ ಏನು ಮಾಡಿದರು ಎಂದಷ್ಟೇ ಬರೆದು ನಿಲ್ಲಿಸಬಾರದು, ಆಗ ಗಂಡ ಎಲ್ಲಿದ್ದ, ಏನಂದ ಎಂಬುದೂ ಪಕ್ಕದಲ್ಲೇ ಇರಬೇಕು.

ಇಲ್ಲಿ ಕೇಸು ಬೀಳುವುದು ಮುಖ್ಯವಾಗಿ ತಾರೀಖಿನಲ್ಲಿ. ಡಿವೋರ್ಸ್ ಆಗಿದ್ದರೆ ಡಿಕ್ರಿಯ ದಿನದಿಂದ ಎರಡು ವರ್ಷದೊಳಗೆ ಐ-360 ಹೋಗಿರಬೇಕು, ಡಿವೋರ್ಸಿಗೂ ಹಿಂಸೆಗೂ ನಂಟಿದೆ ಎಂದು ತೋರಿಸಬೇಕು. ಕೌಟುಂಬಿಕ ಹಿಂಸೆಯ ಕಾರಣಕ್ಕೇ ಗಂಡನ ಗ್ರೀನ್ ಕಾರ್ಡ್ ಹೋದರೆ ಆಗಲೂ ಎರಡೇ ವರ್ಷ. ಅರ್ಜಿ ಮಂಜೂರಾಗುವ ಮೊದಲೇ ಮರುಮದುವೆಯಾದರೆ ಅರ್ಜಿ ಅಲ್ಲಿಗೇ ಮುಗಿಯಿತು. ತೀರ್ಮಾನಕ್ಕೆ ವರ್ಷಗಟ್ಟಲೆ ಹಿಡಿಯುವುದರಿಂದ ಈ ಕೊನೆಯದು ಕಾಗದದ ಮೇಲೆ ಕಾಣುವುದಕ್ಕಿಂತ ಕಠಿಣ.

ಗಂಡ ಸಿಟಿಜನ್ ಆಗಿದ್ದರೆ ಐ-360 ಜೊತೆಗೇ ಗ್ರೀನ್ ಕಾರ್ಡ್ ಅರ್ಜಿಯನ್ನೂ ಹಾಕಬಹುದು. ಅವನಿಗೆ ಬರೀ ಗ್ರೀನ್ ಕಾರ್ಡ್ ಇದ್ದರೆ ಅಮೆರಿಕ ಸರ್ಕಾರ ತಿಂಗಳಿಗೊಮ್ಮೆ ಹೊರಡಿಸುವ ವೀಸಾ ಬುಲೆಟಿನ್ನಿನ ಸರದಿ ನೋಡಬೇಕು. ಆದರೆ ಐ-360 ಮಂಜೂರಾದ ಮೇಲೆ ಕೆಲಸದ ಪರ್ಮಿಟ್ ಸಿಗುತ್ತದೆ.

ಎರಡು ವರ್ಷದ ಗ್ರೀನ್ ಕಾರ್ಡ್, ಹತ್ತು ವರ್ಷದ ಗ್ರೀನ್ ಕಾರ್ಡ್

ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡನ ಮೂಲಕ ಗ್ರೀನ್ ಕಾರ್ಡ್ ಬಂದಿದ್ದರೆ ಅದು ಷರತ್ತಿನ ಕಾರ್ಡ್, ಅವಧಿ ಎರಡೇ ವರ್ಷ. ಅದು ಮುಗಿಯುವ ಹಿಂದಿನ 90 ದಿನಗಳಲ್ಲಿ ಇಬ್ಬರೂ ಸೇರಿ ಷರತ್ತು ತೆಗೆಸುವ ಐ-751 ಅರ್ಜಿ ಹಾಕಬೇಕು. 'ಸಹಿ ಬೇಕಾದ್ರೆ ಬಾಯಿಮುಚ್ಕೊಂಡಿರು' ಎಂಬ ಮಾತು ಹುಟ್ಟುವುದು ಈ ತೊಂಬತ್ತು ದಿನಗಳಲ್ಲೇ. ಹಿಂಸೆಯ ಆಧಾರದ ಮೇಲೆ ಆಕೆ ಒಬ್ಬಳೇ ಐ-751 ಹಾಕಬಹುದು. ಅದಕ್ಕೆ ತೊಂಬತ್ತು ದಿನದ ಕಿಟಕಿಯೂ ಇಲ್ಲ, ಕಾರ್ಡ್ ಬಂದ ಮರುದಿನವೂ ಹಾಕಬಹುದು. ಡಿವೋರ್ಸ್ ಆಗಿರಬೇಕೆಂದೂ ಇಲ್ಲ.

ಇನ್ನೊಂದು ಗುಂಪಿನವರಿಗೆ ಈ ಭಯವೇ ಬೇಕಿಲ್ಲ. ಗಂಡನ ಕಂಪನಿ ಹಾಕಿದ ಅರ್ಜಿಯಿಂದ, ಅವನ ಜೊತೆಜೊತೆಗೇ ಗ್ರೀನ್ ಕಾರ್ಡ್ ಬಂದಿದ್ದರೆ ಅದು ಮೊದಲ ದಿನದಿಂದಲೇ ಹತ್ತು ವರ್ಷದ ಪೂರ್ತಿ ಕಾರ್ಡ್, ಷರತ್ತಿಲ್ಲ. ಅದನ್ನು ಗಂಡ ಕ್ಯಾನ್ಸಲ್ ಮಾಡಿಸಲಾರ, ಡಿವೋರ್ಸ್‌ನಿಂದಲೂ ಅದು ಹೋಗುವುದಿಲ್ಲ. ಇಷ್ಟು ತಿಳಿಯದೆ ವರ್ಷಗಟ್ಟಲೆ ಪೆಟ್ಟು ತಿನ್ನುವವರಿದ್ದಾರೆ. ಕಾರ್ಡಿನ ಮೇಲೆ 'ಕೆಟಗರಿ' ಎಂಬಲ್ಲಿ ಒಂದು ಪುಟ್ಟ ಕೋಡ್ ಇರುತ್ತದೆ. ಅದು 'ಇ' ಅಕ್ಷರದಿಂದ ಶುರುವಾಗಿದ್ದರೆ ಸಾಮಾನ್ಯವಾಗಿ ಉದ್ಯೋಗದ ದಾರಿಯಲ್ಲಿ ಬಂದದ್ದು, 'ಸಿ' ಅಕ್ಷರದಿಂದಾದರೆ ಷರತ್ತಿನದು.

ಹಾಗೆಯೇ, ಗಂಡ ಸ್ಪಾನ್ಸರ್ ಮಾಡಿ ಕರೆಸಿಕೊಂಡಿದ್ದರೆ ಐ-864 ಎಂಬ ಮುಚ್ಚಳಿಕೆಗೆ ಸಹಿ ಹಾಕಿರುತ್ತಾನೆ. ಸರ್ಕಾರ ಗೊತ್ತುಮಾಡಿದ ಬಡತನದ ರೇಖೆಯ ಶೇ. 125ರಷ್ಟು ಆದಾಯ ಆಕೆಗೆ ಇರುವಂತೆ ನೋಡಿಕೊಳ್ಳುತ್ತೇನೆ ಎಂಬ ಒಪ್ಪಂದ ಅದು. ಡಿವೋರ್ಸ್ ಆದರೂ ಅದು ಮುಗಿಯುವುದಿಲ್ಲ, ಆಕೆ ಕೋರ್ಟಿನಲ್ಲಿ ಕೇಳಿ ಪಡೆಯಬಹುದು. ಡಿವೋರ್ಸ್ ನೋಡುವ ವಕೀಲರು ಎಷ್ಟೋ ಸಲ ಈ ಕಾಗದವನ್ನು ಮರೆತೇಬಿಡುತ್ತಾರೆ. ನೆನಪಿಸುವುದು ನಮ್ಮ ಕೆಲಸ.

ಎಚ್‌-4: ನಮ್ಮವರಲ್ಲಿ ಹೆಚ್ಚು ಜನ ಇರುವುದು ಇಲ್ಲೇ

ಬೆಂಗಳೂರಿನಿಂದ, ಮೈಸೂರಿನಿಂದ, ಹುಬ್ಬಳ್ಳಿಯಿಂದ ಎಚ್‌-1ಬಿ ಗಂಡನ ಹಿಂದೆ ಎಚ್‌-4 ಎಂಬ, ಸಂಗಾತಿಗೆ ಕೊಡುವ ವೀಸಾದಲ್ಲಿ ಹೋದವರಿಗೆ ವಾವಾ ದಾರಿ ಮುಚ್ಚಿದೆ. ಗಂಡ ಸಿಟಿಜನ್ನೂ ಅಲ್ಲ, ಗ್ರೀನ್ ಕಾರ್ಡೂ ಇಲ್ಲ. ಆಕೆಯ ಸ್ಟೇಟಸ್, ಅಂದರೆ ಅಮೆರಿಕದಲ್ಲಿ ಕಾನೂನುಬದ್ಧವಾಗಿ ಇರುವ ಅನುಮತಿ, ಅವನ ನೆರಳು. ಅವನ ಎಚ್‌-1ಬಿ ಹೋದರೆ ಇದೂ ಹೋಯಿತು, ಡಿವೋರ್ಸ್ ಡಿಕ್ರಿ ಬಿದ್ದ ದಿನ ಎಚ್‌-4 ಮುಗಿಯಿತು. ಗ್ರೀನ್ ಕಾರ್ಡ್ ಸರದಿಯಲ್ಲಿ ಹತ್ತು ವರ್ಷ ಕಾದಿದ್ದರೂ ಕಾರ್ಡ್ ಬರುವ ಮುಂಚೆ ಡಿವೋರ್ಸ್ ಆದರೆ ಆಕೆ ಸಾಲಿನಿಂದ ಹೊರಗೆ. ಬೆದರಿಕೆಯಲ್ಲಿ ಸ್ವಲ್ಪ ಹುರುಳಿರುವುದು ಇಲ್ಲೇ. ಹಾಗಾಗಿ ಇಲ್ಲಿ ಹೆಚ್ಚು ಎಚ್ಚರ ಬೇಕು.

ಹಾಗಂತ ಬರಿಗೈಯೇನೂ ಅಲ್ಲ. ಎಚ್‌-4ಗೆ ಕೆಲಸದ ಪರ್ಮಿಟ್ ಸಿಗುವುದು ಗಂಡನ ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿದ್ದರೆ ಮಾತ್ರ ಎಂದು ಎಲ್ಲರೂ ನಂಬಿದ್ದಾರೆ. 2015ರಲ್ಲಿ ಬಂದ ಆ ನಿಯಮ ಬೇರೆ. ವಾವಾ ಕಾಯ್ದೆಯನ್ನು 2005ರಲ್ಲಿ ನವೀಕರಿಸಿದಾಗ ಸೇರಿದ ಇನ್ನೊಂದು ಕಲಮು ಹಿಂಸೆಗೆ ಒಳಗಾದ ಎಚ್‌-4 ಸಂಗಾತಿಗೆ ಸ್ವತಂತ್ರವಾಗಿ ಎರಡು ವರ್ಷದ ಕೆಲಸದ ಪರ್ಮಿಟ್ ಕೊಡುತ್ತದೆ. ಇದಕ್ಕೆ ಐ-140 ಬೇಕಿಲ್ಲ. ಫಾರಂ ಬೇರೆ: ಐ-765 ಅಲ್ಲ, ಐ-765ವಿ. ಹಿಂಸೆ ನಡೆದದ್ದು ಮದುವೆಯ ನಂತರ ಮತ್ತು ಅಮೆರಿಕಕ್ಕೆ ಬಂದ ನಂತರ ಆಗಿರಬೇಕು, ಅರ್ಜಿ ಹಾಕುವಾಗ ಆಕೆ ಅಮೆರಿಕದಲ್ಲೇ ಇರಬೇಕು. ಡಿವೋರ್ಸ್ ಆಗಿದ್ದರೆ ಇಲ್ಲೂ ಎರಡು ವರ್ಷದ ಗಡುವು. ಎಲ್-1 ಎಂಬ, ಕಂಪನಿಯೊಳಗಿನ ವರ್ಗಾವಣೆಯ ವೀಸಾದ ಗಂಡನ ಜೊತೆ ಎಲ್-2ನಲ್ಲಿ ಬಂದವರಿಗೆ ಈ ಕಲಮು ಅನ್ವಯಿಸುವುದಿಲ್ಲ.

ಇದರ ಮಿತಿಯನ್ನೂ ತಿಳಿದಿರಬೇಕು. ಇದು ದುಡಿಯಲು ಅನುಮತಿ ಕೊಡುತ್ತದೆ, ಸ್ಟೇಟಸ್ ಕೊಡುವುದಿಲ್ಲ. ಹೊಟ್ಟೆಪಾಡಿಗೆ ಆಯಿತು, ದೇಶದಲ್ಲಿ ಉಳಿಯಲು ಬೇರೆ ದಾರಿ ಬೇಕು. ಎಫ್-1 ವಿದ್ಯಾರ್ಥಿ ವೀಸಾಕ್ಕೋ ಬೇರೆ ಸ್ಟೇಟಸ್‌ಗೋ ಬದಲಾಯಿಸುವುದಾದರೆ ಆ ಅರ್ಜಿ ಡಿಕ್ರಿ ಬೀಳುವ ಮೊದಲೇ, ಎಚ್‌-4 ಜೀವಂತವಿರುವಾಗಲೇ ಹೋಗಿರಬೇಕು. ಡಿವೋರ್ಸ್ ವಕೀಲರಿಗೂ ವೀಸಾ ವಕೀಲರಿಗೂ ಮಾತುಕತೆ ಇಲ್ಲದಿದ್ದರೆ ಕೆಡುವುದು ಇಲ್ಲಿಯೇ. ಒಬ್ಬರು 'ಬೇಗ ಮುಗಿಸೋಣ' ಎಂದು ಸೆಟಲ್ ಮಾಡಿಬಿಡುತ್ತಾರೆ, ಇನ್ನೊಬ್ಬರಿಗೆ ಡಿಕ್ರಿ ಕೈಗೆ ಬಂದ ಮೇಲೆ ಗೊತ್ತಾಗುತ್ತದೆ.

ಯು ವೀಸಾ

ಗಂಡನ ಸ್ಟೇಟಸ್ ಯಾವುದೆಂದು ಲೆಕ್ಕಿಸದ ದಾರಿ ಇದು. ಗಂಡನೇ ಆಗಿರಬೇಕೆಂದೂ ಇಲ್ಲ, ಬಾಯ್‌ಫ್ರೆಂಡ್ ಆದರೂ ಸರಿ, ಮೋಟೆಲ್ ಮಾಲೀಕನಾದರೂ ಸರಿ. 2000ನೇ ಇಸವಿಯ ಕಾಯ್ದೆಯಲ್ಲಿ ಬಂದದ್ದು. ಕೌಟುಂಬಿಕ ಹಿಂಸೆ, ಲೈಂಗಿಕ ದೌರ್ಜನ್ಯ, ಬೆನ್ನುಹತ್ತಿ ಕಾಡುವುದು, ಅಕ್ರಮವಾಗಿ ಕೂಡಿಹಾಕುವುದು, ಜೀತ, ಬ್ಲ್ಯಾಕ್‌ಮೇಲ್ ಮುಂತಾದ ಅಪರಾಧಗಳಿಗೆ ಬಲಿಯಾಗಿ ಗಣನೀಯ ದೈಹಿಕ ಅಥವಾ ಮಾನಸಿಕ ಹಾನಿಗೆ ಒಳಗಾಗಿ, ತನಿಖೆಗೆ ನೆರವಾದವರಿಗೆ ಇದು ಸಿಗುತ್ತದೆ. ಫಾರಂ ಐ-918. ಅದರ 'ಸಪ್ಲಿಮೆಂಟ್ ಬಿ'ಗೆ ಪೊಲೀಸರೋ, ಪ್ರಾಸಿಕ್ಯೂಟರೋ, ನ್ಯಾಯಾಧೀಶರೋ, ಕಾರ್ಮಿಕ ಇಲಾಖೆಯೋ ಸಹಿ ಹಾಕಬೇಕು.

ಆ ಸಹಿಯದ್ದೇ ದೊಡ್ಡ ಪಾಡು. ಕೊಡಲೇಬೇಕೆಂಬ ಕಟ್ಟುಪಾಡು ಫೆಡರಲ್ ಕಾನೂನಿನಲ್ಲಿಲ್ಲ. ಕೆಲವು ರಾಜ್ಯಗಳು ಗಡುವು ಹಾಕಿವೆ, ಕ್ಯಾಲಿಫೋರ್ನಿಯಾದಲ್ಲಿ 30 ದಿನ. ಒಂದು ಠಾಣೆಯಲ್ಲಿ ಆಗದಿದ್ದರೆ ಅದೇ ಘಟನೆಯನ್ನು ನೋಡಿದ ಫ್ಯಾಮಿಲಿ ಕೋರ್ಟ್ ನ್ಯಾಯಾಧೀಶರನ್ನು ಕೇಳಬಹುದು. ಸಹಿಯಾದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹೋಗದಿದ್ದರೆ ಸಹಿ ಹಳಸಿತು, ಮತ್ತೆ ಮೊದಲಿನಿಂದ ಅಲೆಯಬೇಕು.

ವರ್ಷಕ್ಕೆ 10,000 ಯು ವೀಸಾ ಮಾತ್ರ, ಅದೂ ಇಡೀ ದೇಶಕ್ಕೆ. ಕ್ಯೂ ಬಹಳ ಉದ್ದವಿದೆ. 2021ರ ಜೂನ್‌ನಿಂದ, ಅರ್ಜಿ ಪ್ರಾಮಾಣಿಕವೆಂದು ಕಂಡರೆ ಕಾಯುವ ಹೊತ್ತಿನಲ್ಲೇ ಕೆಲಸದ ಪರ್ಮಿಟ್ ಕೊಡುವ ಏರ್ಪಾಡು ಬಂದಿದೆ. ವೀಸಾ ಕೈಗೆ ಬಂದರೆ ಅದರ ಅವಧಿ ನಾಲ್ಕು ವರ್ಷ; ಮೂರು ವರ್ಷ ಅಮೆರಿಕದಲ್ಲಿ ಸತತವಾಗಿ ಇದ್ದ ಮೇಲೆ ಗ್ರೀನ್ ಕಾರ್ಡಿಗೆ ಅರ್ಜಿ. ಸತತ ಅಂದರೆ ಒಂದೇ ಸಲಕ್ಕೆ 90 ದಿನಕ್ಕಿಂತ ಹೆಚ್ಚು ಹೊರಗಿರುವಂತಿಲ್ಲ. ತಂಗಿಯ ಮದುವೆಗೆಂದು ಊರಿಗೆ ಹೋಗಿ ನಾಲ್ಕು ತಿಂಗಳು ಕೂತರೆ ಲೆಕ್ಕ ಕಡಿದುಹೋಗುತ್ತದೆ.

ಪೊಲೀಸರು ಮನೆಗೆ ಬಂದಾಗ ಸಾಮಾನ್ಯವಾಗಿ ಆಗುವುದು ಹೀಗೆ. ಗಂಡನ ಇಂಗ್ಲಿಷ್ ಸಲೀಸು. ಅವನೇ ಬಾಗಿಲಲ್ಲಿ ನಿಂತು ಇಡೀ ಕತೆ ಹೇಳುತ್ತಾನೆ, ಕೈಮೇಲಿನ ಉಗುರುಗೀರು ತೋರಿಸುತ್ತಾನೆ. ಆಕೆ ಒಳಗೆ ಅಳುತ್ತಾ ನಿಂತಿರುತ್ತಾಳೆ. ಕೆಲವೊಮ್ಮೆ ಬೇಡಿ ಬೀಳುವುದು ಆಕೆಗೇ. ಎರಡೇ ಪದ ಸಾಕು: 'ಕನ್ನಡ ಇಂಟರ್‌ಪ್ರಿಟರ್'. ಗಂಡನನ್ನಾಗಲಿ, ಮಗುವನ್ನಾಗಲಿ ದುಭಾಷಿ ಮಾಡಲು ಒಪ್ಪಬಾರದು. ಇಂಡಿಯಾದವರು ಎಂದು ಫೋನಿನಲ್ಲಿ ಹಿಂದಿಯವರನ್ನು ಹಿಡಿದುಕೊಟ್ಟರೆ, ಹಿಂದಿ ಚೆನ್ನಾಗಿ ಬಾರದಿದ್ದಲ್ಲಿ ಅದನ್ನೂ ಒಪ್ಪಬಾರದು. ಅರೆಬರೆ ಹಿಂದಿಯಲ್ಲಿ ಕೊಟ್ಟ ಹೇಳಿಕೆ ಮುಂದೆ ಅರ್ಜಿಯ ಹೇಳಿಕೆಗೆ ತಾಳೆಯಾಗದೆ ಕುತ್ತಾಗುತ್ತದೆ. ಪೊಲೀಸರು ಹೊರಡುವ ಮುನ್ನ ಅಧಿಕಾರಿಯ ಹೆಸರು, ರಿಪೋರ್ಟ್ ನಂಬರ್ ಬರೆಸಿಕೊಳ್ಳಬೇಕು. ಆಕೆಯ ಮೇಲೇ ಕೇಸಾದರೆ, ಇಮಿಗ್ರೇಷನ್ ಪರಿಣಾಮ ತಿಳಿಯದೆ ತಪ್ಪೊಪ್ಪಿಕೊಳ್ಳಬಾರದು. ಅದನ್ನು ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ.

ಗಂಡ ಹತ್ತಿರ ಸುಳಿಯದಂತೆ ಕೋರ್ಟಿನಿಂದ ರಕ್ಷಣಾ ಆದೇಶ ಪಡೆಯಲು ವೀಸಾ ಯಾವುದೆಂಬ ಪ್ರಶ್ನೆಯೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಐದು ವರ್ಷದವರೆಗೆ ಕೊಡುತ್ತಾರೆ, ನ್ಯೂಜೆರ್ಸಿಯ ಅಂತಿಮ ಆದೇಶಕ್ಕೆ ಕೊನೆಯ ದಿನಾಂಕವೇ ಇರುವುದಿಲ್ಲ.

ಸಂಸಾರವೆಂಬ ಹೆಸರಿನ ಜೀತ, ನೌಕರಿಯೆಂಬ ಹೆಸರಿನ ಜೀತ

ಮಾನವ ಸಾಗಣೆ ಎಂದರೆ ಕಂಟೇನರಿನಲ್ಲಿ ತುಂಬಿ ಗಡಿ ದಾಟಿಸುವುದು ಎಂಬ ಚಿತ್ರ ಮನಸ್ಸಿನಲ್ಲಿದೆ. ಕಾನೂನಿಗೆ ಗಡಿ ದಾಟುವುದು ಮುಖ್ಯವಲ್ಲ. ಬಲ, ಮೋಸ ಅಥವಾ ಬೆದರಿಕೆಯಿಂದ ದುಡಿಸಿಕೊಂಡರೆ, ಇಲ್ಲವೇ ಲೈಂಗಿಕ ದಂಧೆಗೆ ಇಳಿಸಿದರೆ ಆಯಿತು. ಸರಿಯಾದ ವೀಸಾದಲ್ಲಿ, ಸರಿಯಾದ ಟಿಕೆಟಿನಲ್ಲಿ ಬಂದವರೂ ಇದರ ಬಲಿಪಶುಗಳೇ.

2005ರ ಕತ್ರಿನಾ ಚಂಡಮಾರುತದ ನಂತರ ಮಿಸ್ಸಿಸ್ಸಿಪ್ಪಿಯ ಪ್ಯಾಸ್ಕಗೂಲಾ ಮತ್ತು ಟೆಕ್ಸಸ್‌ನ ಆರೆಂಜ್‌ನಲ್ಲಿದ್ದ ತನ್ನ ಹಡಗುಕಟ್ಟೆಗಳಿಗೆ ಸಿಗ್ನಲ್ ಇಂಟರ್‌ನ್ಯಾಷನಲ್ ಎಂಬ ಕಂಪನಿ ಎಚ್‌-2ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾದಲ್ಲಿ ಭಾರತದಿಂದ ಸುಮಾರು 500 ವೆಲ್ಡರ್, ಪೈಪ್‌ಫಿಟ್ಟರ್‌ಗಳನ್ನು ತಂದಿತು. ಗ್ರೀನ್ ಕಾರ್ಡ್ ಸಿಗುತ್ತದೆಂದು ನಂಬಿಸಿ ಏಜೆಂಟರು ತಲಾ 10,000 ಡಾಲರಿಗೂ ಹೆಚ್ಚು ಕಿತ್ತಿದ್ದರು. ಒಂದು ಟ್ರೇಲರಿನಲ್ಲಿ 24 ಜನ. ಆ ಮಲಗುವ ಜಾಗಕ್ಕೆ ತಿಂಗಳಿಗೆ 1,050 ಡಾಲರ್ ಸಂಬಳದಲ್ಲಿ ಕಡಿತ. ಮನೆ ಅಡವಿಟ್ಟು ಸಾಲ ಮಾಡಿ ಬಂದವನು ಎಲ್ಲಿಗೆ ಓಡುತ್ತಾನೆ? 2008ರಲ್ಲಿ ಅವರು ಕೆಲಸ ಬಿಟ್ಟು ಹೊರನಡೆದರು, ಎಷ್ಟೋ ಮಂದಿಗೆ, ಮಾನವ ಸಾಗಣೆಗೆ ಬಲಿಯಾದವರಿಗೆಂದೇ ಇರುವ ಟಿ ವೀಸಾ ಸಿಕ್ಕಿತು. 2015ರ ಫೆಬ್ರವರಿಯಲ್ಲಿ ನ್ಯೂ ಆರ್ಲಿಯನ್ಸ್‌ನ ಜ್ಯೂರಿ ಮೊದಲ ಐವರಿಗೆ ಒಟ್ಟು 1.4 ಕೋಟಿ ಡಾಲರ್ ಪರಿಹಾರ ಕೊಡಿಸಿತು.

ಮನೆಯೊಳಗಿನ ಕೇಸೂ ಉಂಟು. ವರ್ಜೀನಿಯಾದ ಮಿಡ್ಲೋಥಿಯನ್‌ನಲ್ಲಿ ಪಾಕಿಸ್ತಾನದಿಂದ ಬಂದ ಸೊಸೆಯನ್ನು 12 ವರ್ಷ ಜೀತದಂತೆ ದುಡಿಸಿಕೊಂಡು, ಕಾಗದಪತ್ರ ಕಿತ್ತಿಟ್ಟುಕೊಂಡು, 'ಮಕ್ಕಳಿಂದ ಬೇರೆ ಮಾಡಿ ಗಡೀಪಾರು ಮಾಡಿಸ್ತೀವಿ' ಎಂದು ಹೆದರಿಸಿದ ಅತ್ತೆಯನ್ನೂ ಆಕೆಯ ಇಬ್ಬರು ಗಂಡುಮಕ್ಕಳನ್ನೂ 2022ರಲ್ಲಿ ಜ್ಯೂರಿ ತಪ್ಪಿತಸ್ಥರೆಂದಿತು. ಮುಂದಿನ ವರ್ಷ ಅತ್ತೆಗೆ 12 ವರ್ಷ, ಮಕ್ಕಳಲ್ಲಿ ಒಬ್ಬನಿಗೆ 10, ಇನ್ನೊಬ್ಬನಿಗೆ 5 ವರ್ಷ ಜೈಲಾಯಿತು. ಅತ್ತೆ, ಮೈದುನ ಎಂಬ ನಂಟು ಜೀತವನ್ನು ಮನೆವಾರ್ತೆ ಮಾಡುವುದಿಲ್ಲ.

ಟಿ ವೀಸಾಕ್ಕೆ ಫಾರಂ ಐ-914, ಶುಲ್ಕವಿಲ್ಲ, ವರ್ಷಕ್ಕೆ 5,000. ಯು ವೀಸಾಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವೆಂದರೆ ಪೊಲೀಸರ ಸಹಿ ಕಡ್ಡಾಯವಲ್ಲ. ದೂರು ಕೊಟ್ಟು ಸಮಂಜಸವಾದ ತನಿಖೆಗೆ ಸಹಕರಿಸಿದ್ದೇನೆ ಎಂಬುದಕ್ಕೆ ಇಮೇಲ್, ಕೇಸ್ ನಂಬರ್ ಮುಂತಾದ ಪುರಾವೆ ಸಾಕು. ಆಗ 18 ತುಂಬಿರದಿದ್ದವರಿಗೂ, ಆಘಾತದಿಂದ ಮಾತಾಡಲಾಗದವರಿಗೂ ಅದರಿಂದಲೂ ವಿನಾಯಿತಿಯಿದೆ. ತಾನು ಈಗ ಅಮೆರಿಕದಲ್ಲಿರುವುದು ಆ ಸಾಗಣೆಯ ಕಾರಣಕ್ಕೇ ಎಂದು ತೋರಿಸಬೇಕು. ನಡುವೆ ಊರಿಗೆ ಹೋಗಿಬಂದರೆ ಆ ಕೊಂಡಿ ಕಳಚುವ ಅಪಾಯವಿದೆ. ವಾಪಸ್ ಕಳಿಸಿದರೆ ಸಾಮಾನ್ಯ ಕಷ್ಟಕ್ಕಿಂತ ಮಿಗಿಲಾದ ಹಾನಿಯಾಗುತ್ತದೆ ಎಂಬುದನ್ನೂ ತೋರಿಸಬೇಕು. ಏಜೆಂಟ್ ಊರಿನವನೇ ಆಗಿದ್ದು ಸಾಲ ಇನ್ನೂ ಬಾಕಿಯಿದ್ದರೆ ಅದನ್ನು ಬಿಡಿಸಿ ಬರೆಯಬೇಕು. ಇದಲ್ಲದೆ, ದುಡಿಸಿಕೊಂಡವರ ಮೇಲೆ ಫೆಡರಲ್ ಕೋರ್ಟಿನಲ್ಲಿ ಪರಿಹಾರದ ದಾವೆ ಹೂಡಲು 10 ವರ್ಷದ ಅವಕಾಶವಿದೆ.

ಹೇಳಿಕೆ ಮತ್ತು ಅನುವಾದ

ವಾವಾ ಇರಲಿ, ಯು ಇರಲಿ, ಟಿ ಇರಲಿ, ಕೇಸಿನ ಬೆನ್ನೆಲುಬು ಆಕೆಯ ಸ್ವಂತ ಹೇಳಿಕೆ. 'ನಂಬಲರ್ಹವಾದ ಯಾವುದೇ ಪುರಾವೆ'ಯನ್ನು ಅಧಿಕಾರಿಗಳು ಪರಿಗಣಿಸಬೇಕೆಂದು ಕಾನೂನೇ ಹೇಳಿರುವುದರಿಂದ ಚೆನ್ನಾಗಿ ಬರೆದ ಎಂಟು ಪುಟಕ್ಕೆ ತೂಕವಿದೆ.

'ಅವರು ನನಗೆ ದಿನಾಲೂ ಮಾನಸಿಕ ಮತ್ತು ದೈಹಿಕ ಕಿರುಕುಳ ಕೊಡುತ್ತಿದ್ದರು' ಎಂದು ಬರೆದರೆ ಏನೂ ಬರೆಯದಂತೆಯೇ. ಊರಿನ ದೂರಿನ ಧಾಟಿ ಅದು. ಹೀಗೆ ಬರೆಯಬೇಕು: 'ಗಣೇಶನ ಹಬ್ಬದ ಹಿಂದಿನ ರಾತ್ರಿ, ಸುಮಾರು ಒಂಬತ್ತೂವರೆ. ನಾನು ಕಡುಬಿಗೆ ಹೂರಣ ಮಾಡುತ್ತಿದ್ದೆ. ಅಮ್ಮನ ಜೊತೆ ಸ್ಪೀಕರಿನಲ್ಲಿ ಮಾತಾಡುತ್ತಿದ್ದೆ ಎಂದು ಫೋನ್ ಕಿತ್ತು ಸಿಂಕಿಗೆ ಎಸೆದರು. ಬಲಗೈ ಹಿಡಿದು ತಿರುಚಿ ಫ್ರಿಜ್ಜಿಗೆ ತಳ್ಳಿದರು. ನಾಲ್ಕು ದಿನ ಆ ಕೈಯಲ್ಲಿ ಚಪಾತಿ ಲಟ್ಟಿಸಲಾಗಲಿಲ್ಲ.' ತಾರೀಖು ನೆನಪಿಲ್ಲದಿದ್ದರೆ ಹಬ್ಬ, ಮಗುವಿನ ಹುಟ್ಟುಹಬ್ಬ, ಹಿಮ ಬಿದ್ದ ದಿನ ಹೇಳಿದರಾಯಿತು. ನೆನಪಿಲ್ಲದ ತಾರೀಖನ್ನು ಊಹಿಸಿ ಬರೆಯಬಾರದು. ಪೊಲೀಸ್ ರಿಪೋರ್ಟಿನ ತಾರೀಖಿಗೆ ಅದು ಹೊಂದದಿದ್ದರೆ ಇಡೀ ಹೇಳಿಕೆಯ ಮೇಲೆ ಅನುಮಾನ. ಪ್ರೀತಿಯಿಂದಿದ್ದ ದಿನಗಳನ್ನೂ ಬರೆಯಬೇಕು. ಎಷ್ಟೋ ಜನ ಸಿಟ್ಟಿಗೆ ಅದನ್ನು ಬಿಟ್ಟುಬಿಡುತ್ತಾರೆ, ಆದರೆ ಮದುವೆ ನಿಜದ್ದು ಎನ್ನಲು ಅದೇ ಆಧಾರ. ಲಗ್ನಪತ್ರಿಕೆ, ಛತ್ರದ ರಸೀದಿ, ಉಪನೋಂದಣಾಧಿಕಾರಿ ಕಚೇರಿಯ ಮದುವೆ ಪ್ರಮಾಣಪತ್ರ, ಜಂಟಿ ಲೀಸ್, ಒಟ್ಟಿಗೆ ಕಟ್ಟಿದ ತೆರಿಗೆ ಎಲ್ಲ ಇದರ ಜೊತೆಗೆ.

ಕನ್ನಡದ ವಾಟ್ಸಾಪ್ ಮೆಸೇಜುಗಳು ಚಿನ್ನದಂಥ ಪುರಾವೆ, ಅನುವಾದ ಸರಿಯಿದ್ದರೆ ಮಾತ್ರ. ಸರ್ಕಾರಿ ಮಾನ್ಯತೆಯ ಅನುವಾದಕರೇ ಬೇಕಿಲ್ಲ. ಎರಡೂ ಭಾಷೆ ಬಲ್ಲ ಯಾರಾದರೂ ಪೂರ್ತಿ ಅನುವಾದಿಸಿ, 'ಇದು ಸಂಪೂರ್ಣ ಮತ್ತು ನಿಖರ, ಅನುವಾದಿಸಲು ನಾನು ಸಮರ್ಥ' ಎಂದು ಸಹಿ ಮಾಡಿದರೆ ನಡೆಯುತ್ತದೆ. ತೊಡಕು ಬೇರೆ ಕಡೆ ಇದೆ. 'ನಿನ್ನ ಅಪ್ಪನ ಮನೆಗೆ ಕಳಿಸ್ತೀನಿ' ಎಂಬುದನ್ನು ಇಂಗ್ಲಿಷಿಗೆ ಪದಕ್ಕೆ ಪದ ಇಳಿಸಿದರೆ ಒಳ್ಳೆಯ ಗಂಡ ತವರಿಗೆ ಟಿಕೆಟ್ ಮಾಡಿಸಿಕೊಟ್ಟಂತೆ ಕೇಳುತ್ತದೆ! 'ಒಂದು ಗತಿ ಕಾಣಿಸ್ತೀನಿ' ಎಂಬುದಕ್ಕಂತೂ ಇಂಗ್ಲಿಷಿನಲ್ಲಿ ತಲೆಬುಡವೇ ಉಳಿಯುವುದಿಲ್ಲ. ಇಂಥ ಕಡೆ ಮೂಲವನ್ನು ಹಾಗೇ ಇಟ್ಟು, ಕೆಳಗೆ ಅನುವಾದಕರ ಟಿಪ್ಪಣಿ ಹಾಕಬೇಕು: ಮೊದಲನೆಯದು ಬಿಟ್ಟುಬಿಡುವ ಬೆದರಿಕೆ, ಎರಡನೆಯದು ಜೀವಕ್ಕೋ ಮಾನಕ್ಕೋ ಹಾನಿ ಮಾಡುವ ಬೆದರಿಕೆ. ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿದ ಕನ್ನಡಕ್ಕೂ ಅನುವಾದ ಬೇಕು. ಸ್ಕ್ರೀನ್‌ಶಾಟಿನಲ್ಲಿ ನಂಬರು ಮತ್ತು ತಾರೀಖು ಕಾಣಬೇಕು.

ಮನೆಯೊಳಗಿನ ಕಣ್ಣುಗಳು

ಅರ್ಜಿಯ ವಿಷಯ ಗಂಡನಿಗೆ ತಿಳಿಸುವುದು ಇಮಿಗ್ರೇಷನ್ ಅಧಿಕಾರಿಗಳಿಗೆ ಕಾನೂನುಬಾಹಿರ. ಬೇಕೆಂದೇ ತಿಳಿಸಿದವರಿಗೆ 5,000 ಡಾಲರ್‌ವರೆಗೆ ದಂಡವಿದೆ. ಗಂಡ ಬರೆದುಹಾಕಿದ ದೂರೊಂದನ್ನೇ ನಂಬಿ ಆಕೆಯ ಅರ್ಜಿ ತಿರಸ್ಕರಿಸುವಂತೆಯೂ ಇಲ್ಲ. ಆದರೆ ಗುಟ್ಟು ಸೋರುವುದು ಸರ್ಕಾರದಿಂದಲ್ಲ, ಮನೆಯಿಂದ. ಅಂಚೆ ಇಲಾಖೆಯ 'ಇನ್‌ಫಾರ್ಮ್ಡ್ ಡೆಲಿವರಿ' ಎಂಬ ಉಚಿತ ಸೇವೆಗೆ ಗಂಡ ಸೇರಿದ್ದರೆ, ಮನೆಗೆ ಬರುವ ಪ್ರತಿ ಲಕೋಟೆಯ ಫೋಟೋ ಬೆಳಗ್ಗೆಯೇ ಅವನ ಇಮೇಲಿಗೆ ಬಂದಿರುತ್ತದೆ. ಹಾಗಾಗಿ ಫಾರಂನಲ್ಲಿ ಸುರಕ್ಷಿತ ವಿಳಾಸವೆಂದು ವಕೀಲರದ್ದೋ ಸಂಸ್ಥೆಯದ್ದೋ ಕೊಡಬೇಕು. ಫೋನು ಫ್ಯಾಮಿಲಿ ಪ್ಲಾನಿನಲ್ಲಿದ್ದರೆ ಕರೆಗಳ ಪಟ್ಟಿ ಅವನಿಗೆ ಕಾಣುತ್ತದೆ. 2022ರ ಒಂದು ಕಾಯ್ದೆಯ ಪ್ರಕಾರ, ಕೇಳಿದರೆ ಎರಡು ಕೆಲಸದ ದಿನಗಳಲ್ಲಿ ಕಂಪನಿ ಆಕೆಯ ಲೈನನ್ನು ಬೇರ್ಪಡಿಸಿಕೊಡಬೇಕು.

ಗಂಡನ ಕಂಪನಿಯ ಇಮಿಗ್ರೇಷನ್ ವಕೀಲರನ್ನು ಕೇಳಲೇಬಾರದು. ಎಚ್‌-4 ಫಾರಂ ಅವರೇ ತುಂಬಿದ್ದರೂ ಅವರ ನಿಷ್ಠೆ ಕಂಪನಿಗೆ ಮತ್ತು ಗಂಡನಿಗೆ. 200 ಡಾಲರಿಗೆ ಫಾರಂ ತುಂಬಿಕೊಡುವ ಅಂಗಡಿಗಳಿಂದಲೂ ದೂರ ಇರಬೇಕು. 2025ರ ಫೆಬ್ರವರಿಯಿಂದ, ಅರ್ಜಿ ತಿರಸ್ಕೃತವಾದಾಗ ಸ್ಟೇಟಸ್ ಇಲ್ಲದವರಿಗೆ ಗಡೀಪಾರು ಕೋರ್ಟಿನ ನೋಟಿಸ್ ಕಳಿಸುವ ನೀತಿ ಈ ಅರ್ಜಿಗಳಿಗೂ ಬಂದಿದೆ. ಮುಂಚಿನಂತೆ 'ಹಾಕಿ ನೋಡೋಣ' ಎನ್ನುವ ಕಾಲ ಇದಲ್ಲ. ವಾವಾ, ಯು, ಟಿ ನೋಡಿ ಅಭ್ಯಾಸವಿರುವವರನ್ನು ಹುಡುಕಲು ದಕ್ಷಿಣ ಏಷ್ಯಾದ ಮಹಿಳಾ ಸಂಸ್ಥೆಗಳು ನೆರವಾಗುತ್ತವೆ: ನ್ಯೂಜೆರ್ಸಿಯ ಮಾನವಿ 1985ರಿಂದ, ನ್ಯೂಯಾರ್ಕಿನ ಸಖಿ 1989ರಿಂದ, ಬೇ ಏರಿಯಾದ ಮೈತ್ರಿ 1991ರಿಂದ ಇದೇ ಕೆಲಸ ಮಾಡುತ್ತಿವೆ. ರಾಷ್ಟ್ರೀಯ ಸಹಾಯವಾಣಿ ಕೌಟುಂಬಿಕ ಹಿಂಸೆಗೆ 1-800-799-7233, ಮಾನವ ಸಾಗಣೆಗೆ 1-888-373-7888.

ಪಾಸ್‌ಪೋರ್ಟ್ ಗಂಡನ ಹತ್ತಿರವಿದ್ದರೆ ಅದಕ್ಕಾಗಿ ಜಗಳಕ್ಕಿಳಿಯುವುದು ಬೇಡ. ನಂಬರು ಗೊತ್ತಿದ್ದರೆ ಸರ್ಕಾರಿ ವೆಬ್‌ಸೈಟಿನಿಂದ ಅಮೆರಿಕ ಪ್ರವೇಶದ ದಾಖಲೆಯಾದ ಐ-94 ಇಳಿಸಿಕೊಳ್ಳಬಹುದು, ಪೊಲೀಸ್ ರಿಪೋರ್ಟ್ ಇಟ್ಟು ಭಾರತೀಯ ಕಾನ್ಸುಲೇಟಿನಲ್ಲಿ ಹೊಸದಕ್ಕೆ ಅರ್ಜಿ ಹಾಕಬಹುದು. ಬೇರ್ಪಟ್ಟವರು, ಡಿವೋರ್ಸ್ ಆದವರು ಗಂಡನ ಹೆಸರು ಬರೆಯಲೇಬೇಕಿಲ್ಲ ಎಂದು 2016ರ ಡಿಸೆಂಬರ್‌ನಲ್ಲೇ ವಿದೇಶಾಂಗ ಸಚಿವಾಲಯ ನಿಯಮ ಸಡಿಲಿಸಿದೆ.

ಊರಿಗೆ ಕರೆತಂದು ಬಿಟ್ಟುಹೋದರೆ

'ಅಜ್ಜಿಗೆ ಹುಷಾರಿಲ್ಲ' ಎಂದು ಬೆಂಗಳೂರಿಗೆ ಕರೆತಂದು, ಪಾಸ್‌ಪೋರ್ಟ್ ಎತ್ತಿಕೊಂಡು ಗಂಡ ಒಬ್ಬನೇ ವಿಮಾನ ಹತ್ತುವುದು ಹಳೆಯ ವರಸೆ. ತಿಂಗಳೆರಡರಲ್ಲಿ ಅಮೆರಿಕದ ಕೋರ್ಟಿನ ಡಿವೋರ್ಸ್ ಸಮನ್ಸ್ ಬರುತ್ತದೆ. ಭಾರತದಲ್ಲಿ ಕ್ರೌರ್ಯದ ದೂರಿಗೆ ಹಳೆಯ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು. ತವರಿನ ಊರಿನಲ್ಲೇ ದೂರು ಕೊಡಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ದೆಹಲಿಯ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಇಂಥವಕ್ಕೆಂದೇ ಎನ್‌ಆರ್‌ಐ ಸೆಲ್ ಇದೆ.

ಊರಿನ ವಕೀಲರು ಇನ್ನೊಂದು ಮಾತನ್ನೂ ಹೇಳುತ್ತಾರೆ: 'ಅಲ್ಲಿಯ ಡಿವೋರ್ಸ್ ಇಲ್ಲಿ ನಡೆಯಲ್ಲಮ್ಮ, ಸುಮ್ನಿರಿ.' ಅರ್ಧ ಸರಿ. ಹಿಂದೂ ವಿವಾಹ ಕಾಯ್ದೆಯಲ್ಲಿಲ್ಲದ ಕಾರಣಕ್ಕೆ, ಹೆಂಡತಿ ಸ್ವಇಚ್ಛೆಯಿಂದ ಒಪ್ಪಿ ಹಾಜರಾಗದ ಕೋರ್ಟ್ ಕೊಟ್ಟ ಡಿಕ್ರಿಗೆ ಭಾರತದಲ್ಲಿ ಮಾನ್ಯತೆಯಿಲ್ಲ ಎಂದು 1991ರ ನರಸಿಂಹರಾವ್ ತೀರ್ಪು ಹೇಳುತ್ತದೆ. ಆದರೆ ಅಮೆರಿಕದ ಇಮಿಗ್ರೇಷನ್ ಕಣ್ಣಿಗೆ ಅಲ್ಲಿಯ ಡಿವೋರ್ಸ್ ಡಿವೋರ್ಸೇ. ಗಂಡ ಸಿಟಿಜನ್ ಅಥವಾ ಗ್ರೀನ್ ಕಾರ್ಡಿನವನಾಗಿದ್ದು, ಹಿಂಸೆ ಅಮೆರಿಕದ ನೆಲದಲ್ಲಿ ನಡೆದಿದ್ದರೆ ಆಕೆ ದಾವಣಗೆರೆಯಲ್ಲಿ ಕೂತೇ ಐ-360 ಹಾಕಬಹುದು. ಸುಮ್ಮನಿರಿ ಎಂದವರನ್ನು ನಂಬಿ ಕೂತರೆ ಡಿವೋರ್ಸಿನ ನಂತರದ ಆ ಎರಡು ವರ್ಷದ ಗಡುವು ಇಲ್ಲಿನ ಕೋರ್ಟಿನ ವಾಯಿದೆಗಳಲ್ಲೇ ಕಳೆದುಹೋಗುತ್ತದೆ.

ಸಮನ್ಸ್ ಬಂದಾಗ ಉತ್ತರಿಸಲು ಕ್ಯಾಲಿಫೋರ್ನಿಯಾದಲ್ಲಿ 30 ದಿನ, ನ್ಯೂಜೆರ್ಸಿಯಲ್ಲಿ 35. ಉತ್ತರ ಕೊಟ್ಟು ವಾದಕ್ಕಿಳಿದರೆ ಆ ಕೋರ್ಟನ್ನು ಒಪ್ಪಿಕೊಂಡಂತಾಗಿ ಭಾರತದಲ್ಲಿನ ಆಕ್ಷೇಪ ದುರ್ಬಲವಾಗಬಹುದು. ಕೊಡದಿದ್ದರೆ ಜೀವನಾಂಶ, ಆಸ್ತಿ, ಮಗುವಿನ ಸುಪರ್ದಿ ಎಲ್ಲ ಅವನು ಕೇಳಿದಂತೆ. ಕೋರ್ಟಿನ ವ್ಯಾಪ್ತಿಯನ್ನಷ್ಟೇ ಪ್ರಶ್ನಿಸಿ ಹಾಜರಾಗುವ 'ಸ್ಪೆಷಲ್ ಅಪಿಯರೆನ್ಸ್' ಎಂಬ ನಡುದಾರಿಯಿದೆ, ಅಲ್ಲಿಯ ವಕೀಲರನ್ನು ಅದನ್ನೇ ಹೆಸರಿಟ್ಟು ಕೇಳಿ. ಡಿಕ್ರಿ ಆಗಿಯೇಹೋಗಿದ್ದರೆ ಆ ಕೌಂಟಿಯ ಕ್ಲರ್ಕ್ ಕಚೇರಿಯಿಂದ ದೃಢೀಕೃತ ಪ್ರತಿ ತರಿಸಿಕೊಳ್ಳಿ. ಮೇಲ್ಗಡೆ ಅರ್ಜಿ ಸಲ್ಲಿಸಿದ ತಾರೀಖಿರುತ್ತದೆ, ಎರಡು ವರ್ಷದ ಲೆಕ್ಕ ಶುರುವಾಗುವುದು ಅದರಿಂದಲ್ಲ. ಮದುವೆ ಮುಗಿದ ದಿನವೆಂದು ಒಳಗೆ ಬರೆದಿರುವ ತಾರೀಖಿನಿಂದ.